ಹಡ್ಸನ್ ಕೊಲ್ಲಿಯ ಕಂಪೆನಿ: ಸನ್ನದು, ತೊವಲು, ಅಂಗಡಿ

೧. ಸನ್ನದು

ಇಂಗ್ಲೆಂಡಿನ ದೊರೆಯಾದ ಎರಡನೆಯ ಚಾರ್ಲ್ಸನು ಕ್ರಿ. ಶ. ೧೬೭೦ನೆಯ ಇಸವಿ ಮೇ ತಿಂಗಳು ೨ನೆಯ ತಾರೀಖು ತನ್ನ ಸೋದರತ್ತೆಯ ಮಗನಾದ ರೂಪರ್ಟ್ ರಾಜಕುಮಾರನೇ ಮೊದಲಾದ ೧೮ ಮಂದಿಗೆ ಒಂದು ಸನ್ನದನ್ನು ದಯಪಾಲಿಸಿದನು. ಉತ್ತರ ಅಮೆರಿಕದ ಹಡ್ಸನ್ ಕೊಲ್ಲಿಗೆ ಬಂದು ಬೀಳುವ ನದಿಗಳೆಲ್ಲವುಗಳ ಜಲಾನಯನ ಪ್ರದೇಶವು ಅವರ ಸ್ವತ್ತೆಂದೂ, ಅಲ್ಲಿ ವ್ಯಾಪಾರಮಾಡುವ ಹಕ್ಕು ಅವರೊಬ್ಬರದೇ ಎಂದೂ, ಕಾನೂನುಗಳನ್ನು ವಿಧಿಸುವ, ಅಪರಾಧಿಗಳನ್ನು ದಂಡಿಸುವ, ಕೋಟೆಗಳನ್ನು ಕಟ್ಟುವ ಅಧಿಕಾರವೂ ಅವರಿಗೆ ಸೇರಿದುದೆಂದೂ ಆ ಸನ್ನದಿನಲ್ಲಿ ವಿಧಿಸಲ್ಪಟ್ಟಿತು. ರೂಪರ್ಟನು ಕಂಪೆನಿಯ ಮೊದಲನೆಯ ಗವರ್ನರನಾದುದರಿಂದ ಆ ಸೀಮೆಗೆ ರೂಪರ್ಟನ ನಾಡು ಎಂಬ ಹೆಸರು ಬಂದಿತು. ಅದರ ವಿಸ್ತಾರವು ಸುಮಾರು ೧೫ ಲಕ್ಷ ಚದರ ಮೈಲಿ. ಇಂದಿನ ಕೆನಡಾ ದೇಶದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಕೊಟ್ಟವನಿಗಾಗಲಿ ಪಡೆದವರಿಗಾಗಲಿ ಆಗ ಅದರ ಎಲ್ಲೆಗಳು ತಿಳಿದಿರಲಿಲ್ಲ. ಅಲ್ಲಿ ಬಹುಕಾಲದಿಂದ ನೆಲಸಿದ್ದ ಕ್ರೀ, ಡೆನೆ, ಇನುಯಿಟ್ ಮೊದಲಾದ ಜನಗಳನ್ನು ಯಾರೂ ಕೇಳಲೂ ಇಲ್ಲ.

ಈ ದಾನಕ್ಕೆ ಪ್ರತಿಯಾಗಿ ಸನ್ನದು ವಿಧಿಸಿದ ಕಾಣಿಕೆ ಬಹು ಸ್ವಲ್ಪವಾದುದು. ದೊರೆಯಾಗಲಿ ಅವನ ಉತ್ತರಾಧಿಕಾರಿಗಳಾಗಲಿ ಆ ನಾಡಿಗೆ ಬಂದಾಗಲೆಲ್ಲ ಎರಡು ಎಲ್ಕ್ ಮೃಗಗಳನ್ನೂ ಎರಡು ಕರಿಯ ಬೀವರುಗಳನ್ನೂ ಒಪ್ಪಿಸತಕ್ಕದ್ದು ಎಂಬುದೇ ಅದು. ದೊರೆಗಳು ಎರಡೂವರೆ ಶತಮಾನಗಳ ಕಾಲ ಆ ಕಡೆಗೆ ಹೋಗಲೇ ಇಲ್ಲವಾದುದರಿಂದ ಈ ಕಾಣಿಕೆಯು ೧೯೨೭ರವರೆಗೆ ಸಲ್ಲಲಿಲ್ಲ. ಅಲ್ಲಿಂದೀಚೆಗೆ ೧೯೩೯, ೧೯೫೯, ೧೯೭೦ನೆಯ ಇಸವಿಗಳಲ್ಲಿ ರಾಜದರ್ಶನದ ಉತ್ಸವಗಳ ಅಂಗವಾಗಿ ಸಂದಿತು.

ಕಂಪೆನಿಯ ಹುಟ್ಟಿಗೆ ಕಾರಣರಾದವರು ಇಂಗ್ಲಿಷರಲ್ಲ, ಇಬ್ಬರು ಫ್ರೆಂಚರು ಎಂಬುದು ಗಮನಾರ್ಹವಾದುದು. ರಾಡಿಸನ್, ಗ್ರೊಸೆಲಿಯೆ ಎಂಬ ಈ ಭಾವಮೈದುನರು ಫ್ರೆಂಚರ ವಸಾಹತಿನಿಂದ ಒಳನಾಡಿಗೆ ಹೋಗಿ, ಉತ್ತಮವಾದ ತೊವಲುಗಳು ಉತ್ತರದ ಕೊಲ್ಲಿಯ ಸುತ್ತಮುತ್ತ ದೊರೆಯುವುವೆಂದು ಕಂಡುಕೊಂಡರು. ಅಪ್ಪಣೆಯಿಲ್ಲದೆ ವ್ಯಾಪಾರಮಾಡಿದರೆಂದು ವಸಾಹತಿನ ಅಧಿಕಾರಿಗಳು ಅವರಿಗೆ ದಂಡ ಹಾಕಿದರು. ಇದರಿಂದ ಬೇಸತ್ತು ಅವರು ಲಂಡನ್ನಿಗೆ ಬಂದು ತಮ್ಮ ಯೋಜನೆಯನ್ನು ಅಲ್ಲಿನ ಆಸ್ಥಾನಿಕರಿಗೆ ಅರಿಕೆಮಾಡಿದರು. ೧೬೬೮ರಲ್ಲಿ ಎರಡು ಹಡಗುಗಳು ಹೊರಟುವು. ರಾಡಿಸನನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಹಿಂದಿರುಗಿತು. ಗ್ರೊಸೆಲಿಯೆ ಇದ್ದ ‘ನಾನ್‌ಸಚ್’ ಎಂಬ ಸಣ್ಣ ಹಡಗು ಕೊಲ್ಲಿಯನ್ನು ಸೇರಿ, ಒಂದು ಚಳಿಗಾಲವನ್ನು ಅಲ್ಲಿಯೇ ಕಳೆದು, ೧೬೬೯ರ ಅಕ್ಟೋಬರಿನಲ್ಲಿ ತೊವಲುಗಳನ್ನು ಹೇರಿಕೊಂಡು ಬಂದಿತು. ಮರುವರ್ಷವೇ ಸನ್ನದು ಹುಟ್ಟಿತು.

೨. ಬೀವರಿನ ತೊವಲು

ಬೀವರ್ ಎಂಬುದು ಹೊಳೆಗಳಿಗೆ ಅಡ್ಡಲಾಗಿ ಮರಗಳಿಂದ ಒಡ್ಡು ಕಟ್ಟಿ ವಾಸಿಸುವ ಒಂದು ದಂಶಕ ಪ್ರಾಣಿ. ಇದರ ಮೈಮೇಲೆ ಎರಡು ಪದರ ಕೂದಲಿರುವುದು: ಹೊರಗಡೆ ಉದ್ದವಾದ ಒರಟು ಕೂದಲು, ಒಳಗಡೆ ಅತ್ಯಂತ ಮೃದುವಾದ ತುಪ್ಪುಳು. ಒಳತುಪ್ಪುಳಿನ ಎಳೆಗಳಲ್ಲಿ ಸೂಕ್ಷ್ಮವಾದ ಮುಳ್ಳುಗಳಿರುವುದರಿಂದ ಒತ್ತಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ನೀರಿಗೂ ನೆನೆಯದ, ಆಕಾರವನ್ನೂ ಕೆಡಿಸಿಕೊಳ್ಳದ ಫೆಲ್ಟಾಗುವುವು. ಯೂರೋಪಿನ ಗಣ್ಯರು ಧರಿಸುತ್ತಿದ್ದ ಟೋಪಿಗಳಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇರಲಿಲ್ಲ. ಯೂರೋಪಿನ ಬೀವರುಗಳಾದರೋ ೧೭ನೆಯ ಶತಮಾನದ ಹೊತ್ತಿಗೆ ಬೇಟೆಯಿಂದ ಬಹುಮಟ್ಟಿಗೆ ನಾಶವಾಗಿದ್ದುವು. ಆದಕಾರಣ ಟೋಪಿಗಾರರ ದೃಷ್ಟಿಯು ಅಮೆರಿಕದ ಕಡೆಗೆ ತಿರುಗಿತು.

ತೊವಲಿನಲ್ಲಿ ಎರಡು ಬಗೆಗಳುಂಟು. ಸುಲಿದೊಡನೆಯೇ ಒಣಗಿಸಿದುದು ಒಂದು. ಮೂಲನಿವಾಸಿಗಳು ಹೊದಿಕೆಯಾಗಿ ಹೊಲಿದು, ಕೂದಲ ಮೈ ಒಳಗಡೆಗೆ ಬರುವಂತೆ ಒಂದೆರಡು ಚಳಿಗಾಲ ಧರಿಸಿದುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಿನ ಬೆಲೆ ಬರುತ್ತಿತ್ತು. ಮೈಯ ಬೆವರು, ಜಿಡ್ಡು, ತಿಕ್ಕಾಟಗಳಿಂದ ಹೊರಗೂದಲು ಉದುರಿ, ತುಪ್ಪುಳು ತಾನಾಗಿ ಹದಗೊಳ್ಳುತ್ತಿದ್ದುದೇ ಇದಕ್ಕೆ ಕಾರಣ. ಲಂಡನ್ನಿನ ಟೋಪಿಗಾರನ ಕೆಲಸದಲ್ಲಿ ಅರ್ಧಭಾಗವನ್ನು ಕ್ರೀ ಜನರ ಉಡುಪೇ ಮಾಡಿ ಮುಗಿಸುತ್ತಿತ್ತೆಂದು ಹೇಳಿದರೆ ತಪ್ಪಾಗದು.

೩. ಕೋಟೆಯೆಂಬ ಅಂಗಡಿ

ಕಂಪೆನಿಯವರು ನದೀಮುಖಗಳಲ್ಲಿ ಕೋಠಿಗಳನ್ನು ಕಟ್ಟಿಕೊಂಡು, ಒಳನಾಡಿನವರು ದೋಣಿಗಳಲ್ಲಿ ತೊವಲುಗಳನ್ನು ತರುವುದನ್ನು ಕಾಯುತ್ತಿದ್ದರು. ೧೬೭೩ರಲ್ಲಿ ಮೂಸ್ ಫ್ಯಾಕ್ಟರಿಯೂ ೧೬೮೪ರಲ್ಲಿ ಯಾರ್ಕ್ ಫ್ಯಾಕ್ಟರಿಯೂ ಸ್ಥಾಪಿತವಾದುವು. ಇಲ್ಲಿ ಫ್ಯಾಕ್ಟರಿಯೆಂದರೆ ಕಾರ್ಖಾನೆಯಲ್ಲ. ಫ್ಯಾಕ್ಟರ್ ಎಂಬ ವ್ಯಾಪಾರ ಪ್ರತಿನಿಧಿಯ ವಾಸಸ್ಥಾನ. ಸೂರತ್ತು, ಮಚಲಿಪಟ್ಟಣಗಳಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಇಟ್ಟಿದ್ದ ಕೋಠಿಗಳಿಗೂ ಇದೇ ಹೆಸರಿತ್ತು. ಹಿಮವು ಕರಗಿ ಕೊಲ್ಲಿಯು ತೆರೆಯುತ್ತಿದ್ದುದು ವರ್ಷದಲ್ಲಿ ಕೆಲವು ವಾರಗಳು ಮಾತ್ರ. ಆ ಅವಧಿಯಲ್ಲಿ ಲಂಡನ್ನಿನಿಂದ ಬಂದ ಹಡಗು ಸರಕನ್ನು ಇಳಿಸಿ, ತೊವಲುಗಳನ್ನೂ ಲೆಕ್ಕಪತ್ರಗಳನ್ನೂ ಏರಿಸಿಕೊಂಡು ಹಿಂದಿರುಗಬೇಕಾಗಿತ್ತು.

ಈ ವ್ಯಾಪಾರದಲ್ಲಿ ನಾಣ್ಯವಿರಲಿಲ್ಲ. ಹದವಾದ ಒಂದು ಬೀವರ್ ತೊವಲೇ ಮೌಲ್ಯದ ಮಾನವಾಗಿ, ‘ಮೇಡ್ ಬೀವರ್’ ಎಂಬ ಹೆಸರಿನಿಂದ ಲೆಕ್ಕದ ಪುಸ್ತಕವನ್ನು ಹೊಕ್ಕಿತು. ಕೋವಿ, ಮದ್ದು, ಕೊಪ್ಪರಿಗೆ, ಕಂಬಳಿ, ಹೊಗೆಸೊಪ್ಪು ಮುಂತಾದ ಸರಕುಗಳಿಗೂ, ಇತರ ಪ್ರಾಣಿಗಳ ತೊವಲುಗಳಿಗೂ ಇದರ ಲೆಕ್ಕದಲ್ಲಿಯೇ ಬೆಲೆಕಟ್ಟುತ್ತಿದ್ದರು. ೧೯ನೆಯ ಶತಮಾನದಲ್ಲಿ ಹಿತ್ತಾಳೆಯ ಬಿಲ್ಲೆಗಳನ್ನು ಅಚ್ಚುಹಾಕಿಸಿ, ಒಂದು ತೊವಲು, ಅರ್ಧ ತೊವಲು ಎಂದು ಗುರುತುಮಾಡಿ ಚಲಾವಣೆಗೆ ತಂದುದೂ ಉಂಟು. ದರಗಳನ್ನು ಲಂಡನ್ನಿನ ಮಂಡಲಿ ಗೊತ್ತುಮಾಡುತ್ತಿತ್ತು. ಕೋಠಿಯ ಅಧಿಕಾರಿಯು ಸಂದರ್ಭವನ್ನು ನೋಡಿ ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಕೇಳುತ್ತಿದ್ದನು. ಹೀಗೆ ಉಳಿದ ಹೆಚ್ಚುವರಿಯನ್ನು ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರೆಯುತ್ತಿದ್ದರು.

ಕೊಳ್ಳುವವರು ಏನೂ ಅರಿಯದವರು, ಗಾಜಿನ ಮಣಿಗಳಿಗೆ ಮರುಳಾದವರು ಎಂಬ ಭಾವನೆಯು ಬಹುಕಾಲ ಪ್ರಚಾರದಲ್ಲಿತ್ತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಅದರ ಎತ್ತರಕ್ಕೆ ತೊವಲುಗಳನ್ನು ಪೇರಿಸಿದರೆ ಮಾತ್ರ ಅದನ್ನು ಕೊಡುತ್ತಿದ್ದರೆಂಬ ಕಥೆಯೂ ಪ್ರಸಿದ್ಧವಾಗಿದೆ. ಕಂಪೆನಿಯ ದರಪಟ್ಟಿಗಳು ಈ ಕಥೆಯನ್ನು ಸಮರ್ಥಿಸುವುದಿಲ್ಲ. ಅದಕ್ಕೆ ಬದಲಾಗಿ, ಕೋಠಿಯ ಅಧಿಕಾರಿಗಳು ಲಂಡನ್ನಿಗೆ ಬರೆದ ಕಾಗದಗಳಲ್ಲಿ, ಚಳಿಗೆ ಸೀಳುವ ಕೋವಿಯನ್ನೂ ತೂತುಬಿದ್ದ ಕೊಪ್ಪರಿಗೆಯನ್ನೂ ತೆಳುವಾದ ಬಟ್ಟೆಯನ್ನೂ ಗಿರಾಕಿಗಳು ನಿರಾಕರಿಸಿದರೆಂಬ ದೂರುಗಳು ಮೇಲಿಂದ ಮೇಲೆ ಬರುವುವು. ಸಮೀಪದಲ್ಲಿಯೇ ಫ್ರೆಂಚ್ ವರ್ತಕರಿದ್ದಾಗ ತೊವಲು ತರುವವರು ಎರಡು ಕಡೆಯ ಬೆಲೆಗಳನ್ನೂ ಹೋಲಿಸಿ ನೋಡುತ್ತಿದ್ದರು. ಚೌಕಾಶಿಗೆ ಮೊದಲು ಕಾಣಿಕೆಗಳ ವಿನಿಮಯವೂ ಚುಂಗಾಣಿಯ ಧೂಮಪಾನದ ವಿಧಿಯೂ ನಡೆಯಬೇಕೆಂದು ವಿಧಿಸಿದವರೂ ಅವರೇ. ಒಟ್ಟಿನಲ್ಲಿ ನೋಡಿದರೆ, ಕಂಪೆನಿಯು ತೊವಲಿನ ವ್ಯಾಪಾರವನ್ನು ಬಿಟ್ಟು ಆಮೇಲೆ ಅಂಗಡಿಯನ್ನು ಇಟ್ಟಿತು ಎಂಬ ಮಾತು ಅರ್ಧಸತ್ಯ. ಕೋಟೆಯ ಕಿಟಕಿಯಲ್ಲಿ ಸರಕನ್ನು ತೋರಿಸಿ, ಗಿರಾಕಿಯ ಅಭಿರುಚಿಯನ್ನು ಅರಿತು ಮುಂದಿನ ವರ್ಷದ ಹಡಗಿಗೆ ಬರೆದು ತರಿಸುತ್ತಿದ್ದ ಆ ಸಂಸ್ಥೆಯು ಮೊದಲಿನಿಂದಲೂ ಅಂಗಡಿಯೇ ಆಗಿತ್ತು.

೪. ಸ್ಪರ್ಧೆಯೂ ಸಂಯೋಗವೂ

ಮೊದಲ ೪೦ ವರ್ಷಗಳು ಕಂಪೆನಿಗೆ ಕಷ್ಟದ ಕಾಲ. ಫ್ರೆಂಚರು ಕೋಠಿಗಳ ಮೇಲೆ ಪದೇ ಪದೇ ದಾಳಿಮಾಡಿದರು. ೧೬೯೭ರಲ್ಲಿ ಡಿಬರ್ವಿಲ್ ಎಂಬ ಫ್ರೆಂಚ್ ನಾಯಕನು ಯಾರ್ಕ್ ಫ್ಯಾಕ್ಟರಿಯನ್ನು ಹಿಡಿದನು. ೧೭೧೩ರ ಉಟ್ರೆಕ್ಟ್ ಕೌಲಿನ ಪ್ರಕಾರ ಕೊಲ್ಲಿಯ ಕರಾವಳಿಯು ಇಂಗ್ಲಿಷರಿಗೆ ಹಿಂದಿರುಗಿತು. ಅಲ್ಲಿಂದ ಮುಂದೆ ಬಹುಕಾಲ ಕಂಪೆನಿಯು ಕಡಲ ತೀರವನ್ನು ಬಿಟ್ಟು ಕದಲಲಿಲ್ಲವೆಂದು ಇಂಗ್ಲೆಂಡಿನಲ್ಲಿ ಟೀಕೆಗಳು ಹುಟ್ಟಿದುವು; ೧೭೪೯ರಲ್ಲಿ ಪಾರ್ಲಿಮೆಂಟು ವಿಚಾರಣೆಯನ್ನೇ ನಡೆಸಿತು. ಒಳನಾಡಿನಲ್ಲಿ ಕಂಪೆನಿಯ ಮೊದಲನೆಯ ಮುಖ್ಯ ಕೋಠಿಯಾದ ಕಂಬರ್‌ಲೆಂಡ್ ಹೌಸನ್ನು ಸ್ಯಾಮ್ಯುಯೆಲ್ ಹರ್ನ್ ಎಂಬಾತನು ಸ್ಥಾಪಿಸಿದುದು ೧೭೭೪ರಲ್ಲಿ. ಇದೇ ಹರ್ನನು ೧೭೭೦ರಿಂದ ೧೭೭೨ರವರೆಗೆ ಕಾಲ್ನಡೆಯಲ್ಲಿ ಆರ್ಕ್‌ಟಿಕ್ ಸಮುದ್ರದ ತೀರವನ್ನು ಮುಟ್ಟಿ ಬಂದನು. ಆ ಪ್ರಯಾಣವನ್ನು ಸಾಧ್ಯಗೊಳಿಸಿದವನು ಡೆನೆ ಜನರ ಮುಖಂಡನಾದ ಮಟೊನಬ್ಬಿ. ಅದಕ್ಕೂ ಹಿಂದಿನ ಎರಡು ಯಾತ್ರೆಗಳು ವಿಫಲವಾಗಿದ್ದುವೆಂಬುದನ್ನು ನೋಡಿದರೆ ಅವನ ನೆರವಿನ ಬೆಲೆ ತಿಳಿಯುವುದು.

ಈ ಮಧ್ಯೆ ಮಾಂಟ್ರಿಯಲ್ ನಗರದ ವರ್ತಕರು ನಾರ್ತ್‌ವೆಸ್ಟ್ ಕಂಪೆನಿಯೆಂಬ ಕೂಟವನ್ನು ಕಟ್ಟಿ, ಒಳನಾಡಿನ ತೊವಲುಗಳನ್ನು ಅವು ಕೊಲ್ಲಿಯ ಕೋಠಿಗಳಿಗೆ ಇಳಿಯುವುದಕ್ಕೆ ಮೊದಲೇ ಕೊಂಡುಕೊಳ್ಳತೊಡಗಿದರು. ಎರಡು ಸಂಸ್ಥೆಗಳೂ ಹೊಳೆಹೊಳೆಗೆ ಎದುರುಬದುರಾಗಿ ಕೋಠಿಗಳನ್ನು ಹಾಕಿದುವು. ಈ ಸ್ಪರ್ಧೆಯಲ್ಲಿ ಮದ್ಯವು ಹೊಳೆಯಾಗಿ ಹರಿಯಿತು. ಬೀವರುಗಳು ವಿವೇಚನೆಯಿಲ್ಲದೆ ಹತವಾದುವು. ೧೭೮೦–೮೨ರಲ್ಲಿ ಹಬ್ಬಿದ ಸಿಡುಬು ಒಳನಾಡಿನ ಜನಸಂಖ್ಯೆಯನ್ನು ಘೋರವಾಗಿ ತಗ್ಗಿಸಿತು. ಲಾರ್ಡ್ ಸೆಲ್‌ಕರ್ಕನು ರೆಡ್ ರಿವರ್ ಪ್ರಾಂತದಲ್ಲಿ ರೈತರ ವಸಾಹತನ್ನು ಸ್ಥಾಪಿಸಿದುದರಿಂದ ವೈಮನಸ್ಯವು ಹೆಚ್ಚಿ, ೧೮೧೬ನೆಯ ಇಸವಿ ಜೂನ್ ೧೯ರಂದು ಸೆವೆನ್ ಓಕ್ಸ್ ಎಂಬಲ್ಲಿ ಗವರ್ನರ್ ಸೆಂಪಲನೂ ಅವನ ಕಡೆಯ ೨೦ ಮಂದಿಯೂ ಮಡಿದರು. ಕೊನೆಗೆ ೧೮೨೧ರಲ್ಲಿ ಎರಡು ಕಂಪೆನಿಗಳೂ ಹಡ್ಸನ್ ಕೊಲ್ಲಿಯ ಕಂಪೆನಿಯ ಹೆಸರಿನಲ್ಲಿಯೇ ಒಂದಾದುವು.

ಅಲ್ಲಿಂದ ಸುಮಾರು ೪೦ ವರ್ಷ ಅಧಿಕಾರ ನಡೆಸಿದ ಜಾರ್ಜ್ ಸಿಂಪ್ಸನನು ಮಿತವ್ಯಯಕ್ಕೆ ಹೆಸರಾದವನು. ಅವನು ಕೋಠಿಗಳನ್ನು ಕಡಮೆಮಾಡಿ, ಬೀವರುಗಳು ಕ್ಷೀಣಿಸಿದ ಸೀಮೆಗಳಲ್ಲಿ ಬೇಟೆಗೆ ಮಿತಿಯನ್ನು ಹಾಕಿದನು. ಕೋಠಿಗಳ ಸಾಂಸಾರಿಕ ಜೀವನವನ್ನು ಅವನು ಬದಲಿಸಿದ ಬಗೆ ಅಷ್ಟು ಹಿತವಾದುದಲ್ಲ. ಕಂಪೆನಿಯ ನೌಕರರು ನಾಡಿನ ಪದ್ಧತಿಯಂತೆ ಮೂಲನಿವಾಸಿ ಸ್ತ್ರೀಯರನ್ನು ವರಿಸಿ ಮನೆಮಾಡುವುದು ಹಿಂದಿನಿಂದ ನಡೆದುಬಂದಿತ್ತು. ತೊವಲುಗಳನ್ನು ಹದಮಾಡುವುದು, ಹಿಮಪಾದುಕೆಗಳನ್ನು ಹೆಣೆಯುವುದು, ಒಣಮಾಂಸದ ಪೆಮ್ಮಿಕನ್ನನ್ನು ಸಿದ್ಧಪಡಿಸುವುದು, ದುಭಾಷಿಗಳಾಗಿ ನಿಲ್ಲುವುದು—ಇವೆಲ್ಲವೂ ಆ ಸ್ತ್ರೀಯರಿಂದಲೇ ನಡೆಯುತ್ತಿದ್ದುವು. ಸಿಂಪ್ಸನನು ತನ್ನ ಮಕ್ಕಳ ತಾಯಿಯಾದ ಮಾರ್ಗರೆಟ್ ಟೇಲರಳನ್ನು ಬಿಟ್ಟು ೧೮೩೦ರಲ್ಲಿ ಲಂಡನ್ನಿನಲ್ಲಿ ತನ್ನ ಬಂಧುವಾದ ಫ್ರಾನ್ಸಿಸಳನ್ನು ಮದುವೆಯಾದನು. ಇದನ್ನು ನೋಡಿ ಇತರ ಅಧಿಕಾರಿಗಳಲ್ಲಿಯೂ ಹಲವರು ಹಳೆಯ ಸಂಬಂಧಗಳನ್ನು ಕಡೆಗಣಿಸತೊಡಗಿದರು.

೫. ರಾಜ್ಯತ್ಯಾಗ

೧೯ನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನ ಟೋಪಿಗಳಿಗೆ ರೇಷ್ಮೆ ಬಂದಿತು; ಬೀವರಿನ ಬೆಲೆ ಕುಸಿಯಿತು. ೧೮೪೯ರಲ್ಲಿ ರೆಡ್ ರಿವರಿನ ಮೆಟಿ ಜನರು ತಮ್ಮವನಾದ ಸೇಯರ್ ಎಂಬ ವರ್ತಕನ ವಿಚಾರಣೆಯ ದಿನ ಆಯುಧಪಾಣಿಗಳಾಗಿ ನ್ಯಾಯಸ್ಥಾನದ ಸುತ್ತ ನೆರೆದರು. ಅಪರಾಧಿಯೆಂದು ತೀರ್ಪಾದರೂ ಅವನಿಗೆ ಶಿಕ್ಷೆಯಾಗಲಿಲ್ಲ. ವ್ಯಾಪಾರದ ಏಕಾಧಿಪತ್ಯವು ಆ ಪ್ರಾಂತದಲ್ಲಿ ಅಂದಿಗೆ ಕೊನೆಗಂಡಿತು. ೧೮೬೩ರಲ್ಲಿ ಷೇರುಗಳು ಹೊಸ ಬಂಡವಳಿಗರ ಕೈಸೇರಿದುವು. ಇವರ ಕಣ್ಣಿದ್ದುದು ತೊವಲಿನ ಮೇಲೆ ಅಷ್ಟಲ್ಲ, ಭೂಮಿಯ ಮೇಲೆ.

ಹೊಸದಾಗಿ ಏರ್ಪಟ್ಟ ಕೆನಡಾ ಒಕ್ಕೂಟಕ್ಕೆ ರೂಪರ್ಟನ ನಾಡನ್ನು ವಹಿಸಿಕೊಡುವುದಕ್ಕೆ ೧೮೬೯ರಲ್ಲಿ ಒಡಂಬಡಿಕೆಯಾಯಿತು. ಕಂಪೆನಿಗೆ ಸಂದುದು ೩ ಲಕ್ಷ ಪೌಂಡು, ಕೋಠಿಗಳ ಸುತ್ತಣ ಭೂಮಿ, ಪಶ್ಚಿಮದ ಫಲವತ್ತಾದ ಬಯಲಿನಲ್ಲಿ ೨೦ನೆಯ ಒಂದು ಪಾಲು. ಅಲ್ಲಿ ನೆಲಸಿದ್ದವರನ್ನು ಈ ಸಲವೂ ಯಾರೂ ಕೇಳಲಿಲ್ಲ. ಲೂಯಿ ರಿಯೆಲನ ನಾಯಕತ್ವದಲ್ಲಿ ಮೆಟಿ ಜನರು ಪ್ರತಿಭಟಿಸಿ ತಾತ್ಕಾಲಿಕ ಸರ್ಕಾರವನ್ನು ಸ್ಥಾಪಿಸಿದರು. ಅದರ ಫಲವಾಗಿ ೧೮೭೦ನೆಯ ಇಸವಿ ಜುಲೈ ೧೫ರಂದು, ನಾಡು ಕೈಬದಲಾದ ದಿನವೇ, ಮ್ಯಾನಿಟೋಬಾ ಪ್ರಾಂತವು ಹುಟ್ಟಿತು. ೧೮೭೪ರಲ್ಲಿ ಕ್ವಾಪೆಲ್ ಎಂಬಲ್ಲಿ ಕೆನಡಾ ಸರ್ಕಾರದವರು ಕೌಲಿನ ಮಾತುಕತೆಗೆ ಬಂದಾಗ ಸೋಟೋ ಜನರ ಮುಖಂಡರು ಈ ವಿಷಯವನ್ನೇ ಎತ್ತಿದರು. ಭೂಮಿಯು ತಮ್ಮದಾಗಿರುವಲ್ಲಿ ಕಂಪೆನಿಯು ಅದನ್ನು ಮಾರಿದುದು ಹೇಗೆ, ಆ ೩ ಲಕ್ಷ ಪೌಂಡು ತಮಗೇ ಸಲ್ಲಬೇಕಾದುದಲ್ಲವೇ ಎಂಬುದು ಅವರ ಪ್ರಶ್ನೆ. ಸರ್ಕಾರದ ಪ್ರತಿನಿಧಿಗಳಿಂದ ಅದಕ್ಕೆ ಸಮರ್ಪಕವಾದ ಉತ್ತರವು ಬರಲಿಲ್ಲ. ೧೬೭೦ರ ಸನ್ನದಿನ ಮೂಲದೋಷವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ನ್ಯಾಯವಾದಿಯೂ ಎತ್ತಿತೋರಿಸಲಾರನು.

ಇಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಡನೆ ಹೋಲಿಸಿ ನೋಡುವುದು ಉಚಿತವಾಗಿದೆ. ೧೬೦೦ರಲ್ಲಿ ಸನ್ನದು ಪಡೆದ ಆ ಕಂಪೆನಿಯು ವರ್ತಕನಾಗಿ ಬಂದು ಅರಸನಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದುದು ಅದರ ಸೈನ್ಯಕ್ಕೆ. ೧೮೩೩ರ ಶಾಸನದಿಂದ ಅದರ ವ್ಯಾಪಾರವು ನಿಂತು ಆಳ್ವಿಕೆಯೊಂದೇ ಉಳಿಯಿತು. ೧೮೫೮ರಲ್ಲಿ ಆಳ್ವಿಕೆಯೂ ಹೋಗಿ, ೧೮೭೪ರಲ್ಲಿ ಕಂಪೆನಿಯೇ ವಿಸರ್ಜಿತವಾಯಿತು. ಹಡ್ಸನ್ ಕೊಲ್ಲಿಯ ಕಂಪೆನಿಯಾದರೋ ರಾಜ್ಯವನ್ನು ಬಿಟ್ಟು ತಕ್ಕಡಿಯನ್ನು ಉಳಿಸಿಕೊಂಡಿತು. ಅದರಿಂದ ಇನ್ನೂ ಒಂದೂವರೆ ಶತಮಾನ ಬದುಕಿತು.

೬. ಅಂಗಡಿಯ ಏಳುಬೀಳು

ರೈಲುದಾರಿಯೊಡನೆ ವಲಸೆಗಾರರು ಬಂದರು. ಇವರು ತೊವಲನ್ನು ತರುವವರಲ್ಲ, ನಗದು ಹಣವನ್ನು ತರುವವರು. ಕಂಪೆನಿಯು ೧೮೮೧ರಲ್ಲಿ ವಿನಿಪೆಗಿನಲ್ಲಿಯೂ ೧೮೮೭ರಲ್ಲಿ ವ್ಯಾಂಕೂವರಿನಲ್ಲಿಯೂ ನಗರದ ಮಳಿಗೆಗಳನ್ನು ತೆರೆಯಿತು. ೨೦ನೆಯ ಶತಮಾನದ ಆರಂಭದಲ್ಲಿ ಭೂಮಿ, ತೊವಲು, ಚಿಲ್ಲರೆ ವ್ಯಾಪಾರ ಎಂದು ಮೂರು ಶಾಖೆಗಳನ್ನು ಏರ್ಪಡಿಸಿ, ಕ್ಯಾಲ್ಗರಿಯಲ್ಲಿ ೧೯೧೩ರಲ್ಲಿ, ವಿಕ್ಟೋರಿಯಾದಲ್ಲಿ ೧೯೨೧ರಲ್ಲಿ, ವಿನಿಪೆಗಿನಲ್ಲಿ ೧೯೨೬ರಲ್ಲಿ ಭವ್ಯವಾದ ಬಹುಮಹಡಿಯ ಕಟ್ಟಡಗಳನ್ನು ತೆರೆಯಿತು. ೧೭೮೦ರ ಸುಮಾರಿನಿಂದ ಕೋಠಿಗಳಲ್ಲಿ ವಿಕ್ರಯವಾಗುತ್ತಿದ್ದ, ಅಳತೆಗಾಗಿ ಅಂಚಿನಲ್ಲಿ ಗೆರೆಗಳನ್ನು ನೇಯ್ದ ಉಣ್ಣೆಯ ಕಂಬಳಿಯು ಹಸುರು, ಕೆಂಪು, ಹಳದಿ, ನೀಲಿ ಪಟ್ಟೆಗಳೊಡನೆ ಪಟ್ಟಣಿಗರ ಮನೆಗಳಿಗೂ ಬಂದಿತು.

೧೯೬೦ರಲ್ಲಿ ಮಾಂಟ್ರಿಯಲ್ಲಿನ ಮಾರ್ಗನ್ ಮಳಿಗೆಗಳನ್ನೂ ೧೯೭೮ರಲ್ಲಿ ಜೆಲ್ಲರ್ಸ್, ಸಿಂಪ್ಸನ್ಸ್ ಎಂಬ ಸಂಸ್ಥೆಗಳನ್ನೂ ಕಂಪೆನಿಯು ಕೊಂಡಿತು. ೧೯೭೦ರಲ್ಲಿ, ಸನ್ನದಿಗೆ ೩೦೦ ವರ್ಷ ತುಂಬಿದಾಗ, ಪ್ರಧಾನ ಕಚೇರಿಯು ಲಂಡನ್ನಿನಿಂದ ಕೆನಡಾಕ್ಕೆ ಬಂದಿತು. ಆದರೆ ಸಾಲದ ಭಾರವೂ ಜೊತೆಗೇ ಬೆಳೆಯಿತು. ೧೯೮೭ರಲ್ಲಿ ಉತ್ತರದ ಕೋಠಿಗಳನ್ನು ಮಾರಿದರು. ಅವುಗಳನ್ನು ಕೊಂಡವರು ೧೯೯೦ರಲ್ಲಿ ತಮ್ಮ ಸಂಸ್ಥೆಗೆ ನಾರ್ತ್‌ವೆಸ್ಟ್ ಕಂಪೆನಿಯೆಂದು ಹಳೆಯ ಪ್ರತಿಸ್ಪರ್ಧಿಯ ಹೆಸರನ್ನೇ ಇಟ್ಟರು. ೨೦೦೬ರಿಂದ ಒಡೆತನವು ಅಮೆರಿಕದ ಬಂಡವಳಿಗರ ಕೈಸೇರಿತು. ಪೇಟೆಯು ದೂರಾಜ್ಞೆಯ ಮಾರಾಟಕ್ಕೆ ತಿರುಗಿದ ಕಾಲದಲ್ಲಿ ಹಳೆಯ ಕಟ್ಟಡಗಳು ಭಾರವಾದುವು. ಕಂಪೆನಿಯು ೨೦೨೫ನೆಯ ಇಸವಿ ಮಾರ್ಚ್ ೭ರಂದು ಸಾಲಗಾರರಿಂದ ರಕ್ಷಣೆಯನ್ನು ಕೋರಿ ನ್ಯಾಯಸ್ಥಾನಕ್ಕೆ ಹೋಯಿತು. ಅದೇ ವರ್ಷ ಜೂನ್ ೧ರಂದು ಕಡೆಯ ಮಳಿಗೆಗಳ ಬಾಗಿಲು ಮುಚ್ಚಿತು. ಹೆಸರನ್ನೂ ಪಟ್ಟೆಗಳ ಚಿಹ್ನೆಯನ್ನೂ ಕೆನೆಡಿಯನ್ ಟೈರ್ ಎಂಬ ವ್ಯಾಪಾರ ಸಂಸ್ಥೆಯು ೩ ಕೋಟಿ ಡಾಲರಿಗೆ ಕೊಂಡಿತು. ೧೬೭೦ರ ಸನ್ನದಿನ ಮೂಲಪತ್ರವೇ ಸಾಲ ತೀರಿಸುವ ಸಲುವಾಗಿ ಮಾರಾಟಕ್ಕೆ ಬಂದಿತು. ಅದನ್ನು ಕೊಂಡು ಸಾರ್ವಜನಿಕ ಸಂಸ್ಥೆಗಳಿಗೆ ದಾನಮಾಡಲು ಶ್ರೀಮಂತ ಮನೆತನಗಳು ಮುಂದೆಬಂದುವು.

ಇದಕ್ಕೆ ಮೂರು ವರ್ಷ ಮೊದಲು, ೨೦೨೨ರ ಏಪ್ರಿಲಿನಲ್ಲಿ, ವಿನಿಪೆಗಿನಲ್ಲಿ ಒಂದು ಸಮಾರಂಭ ನಡೆಯಿತು. ೨೦೨೦ರಲ್ಲಿ ಮುಚ್ಚಿದ್ದ ಅಲ್ಲಿನ ದೊಡ್ಡ ಮಳಿಗೆಯನ್ನು ಕಂಪೆನಿಯು ಆ ಪ್ರಾಂತದ ದಕ್ಷಿಣ ಭಾಗದ ಮೂಲನಿವಾಸಿ ಮುಖಂಡರ ಸಂಘಕ್ಕೆ ಒಪ್ಪಿಸಿತು. ಸಂಘದ ನಾಯಕನು ಪ್ರತಿಯಾಗಿ ಕಂಪೆನಿಗೆ ಕೊಟ್ಟುದು ಎರಡು ಎಲ್ಕ್ ತೊವಲು, ಎರಡು ಬೀವರ್ ತೊವಲು. ದೊರೆಗೆ ಸಲ್ಲಬೇಕೆಂದು ಸನ್ನದು ವಿಧಿಸಿದ್ದ ಕಾಣಿಕೆಯೇ ಇದು. ಅದರ ಅರ್ಥವನ್ನು ಅಲ್ಲಿ ನೆರೆದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

೭. ಉಳಿದ ಕಾಗದಗಳು

ಕೋಟೆಗಳು ಜೀರ್ಣವಾದುವು, ಅಂಗಡಿಗಳು ಮುಚ್ಚಿದುವು, ಉಳಿದುದು ಕಾಗದ. ಪ್ರತಿಯೊಂದು ಕೋಠಿಯಲ್ಲಿಯೂ ದಿನಚರಿ ಬರೆಯಬೇಕೆಂದು ಲಂಡನ್ನಿನ ಮಂಡಲಿಯು ವಿಧಿಸಿದ್ದಿತು. ಗಾಳಿ, ಹಿಮ, ಬೇಟೆ, ಬಂದವರು, ಹೋದವರು, ಹಸಿವು, ರೋಗ—ಎಲ್ಲವೂ ಅದರಲ್ಲಿ ಸೇರುತ್ತಿದ್ದುವು. ೧೯೭೪ರಲ್ಲಿ ವಿನಿಪೆಗಿಗೆ ಬಂದ ಈ ಭಂಡಾರವನ್ನು ೧೯೯೪ರಲ್ಲಿ ಮ್ಯಾನಿಟೋಬಾ ಪ್ರಾಂತಕ್ಕೆ ದಾನಮಾಡಿದರು. ೨೦೦೭ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಲೋಕದ ಸ್ಮೃತಿಸಂಪತ್ತುಗಳ ಪಟ್ಟಿಯಲ್ಲಿ ಸೇರಿಸಿತು. ಕೊಟ್ಟ ಕಾಲಕ್ಕೆ ಕೊಡದೆ ಹೋಗಿದ್ದರೆ ಇದೂ ೨೦೨೫ರಲ್ಲಿ ಸಾಲಗಾರರ ಪಟ್ಟಿಗೆ ಸೇರಬಹುದಾಗಿತ್ತು.

ಈ ಕಾಗದಗಳನ್ನು ಓದುವ ಬಗೆಯು ಸಾಹಿತ್ಯಾಭ್ಯಾಸಿಗಳಿಗೂ ವಿಚಾರಾರ್ಹವಾದುದು. ಒಂದು ಉದಾಹರಣೆ ಸಾಕು. ೧೭೧೪ರಲ್ಲಿ ಯಾರ್ಕ್ ಫ್ಯಾಕ್ಟರಿಗೆ ಒಬ್ಬ ಡೆನೆ ತರುಣಿ ಬಂದು ಸೇರಿದಳು. ಕ್ರೀ ಜನರ ಸೆರೆಯಿಂದ ತಪ್ಪಿಸಿಕೊಂಡು ಬಂದವಳು. ಮರುವರ್ಷ ಅವಳು ಕಂಪೆನಿಯ ನೌಕರನೊಬ್ಬನೊಡನೆಯೂ ಬಹುಮಂದಿ ಕ್ರೀ ಜನರೊಡನೆಯೂ ಹೊರಟು, ಹಸಿವಿನಿಂದ ತಂಡವು ಚದುರಿದರೂ ಎದೆಗುಂದದೆ, ತನ್ನ ಜನರನ್ನು ಹುಡುಕಿ, ಮಾತಿನ ಬಲದಿಂದಲೇ ಎರಡು ಪಂಗಡಗಳಿಗೂ ಸಂಧಿಮಾಡಿಸಿದಳು. ೧೭೧೭ರ ಫೆಬ್ರವರಿ ೫ರಂದು ಕೋಠಿಯಲ್ಲಿ ರೋಗದಿಂದ ತೀರಿಕೊಂಡಳು. ಕೋಠಿಯ ಅಧಿಕಾರಿ ಜೇಮ್ಸ್ ನೈಟನು ಅವಳ ಧೈರ್ಯವನ್ನೂ ಬುದ್ಧಿಯನ್ನೂ ಮನಸಾರೆ ಹೊಗಳಿ ಬರೆದಿರುವನು. ಆದರೆ ಅವನ ದಿನಚರಿಯಲ್ಲಿ ಅವಳು ‘ದಾಸಿಯಾದ ಹೆಂಗಸು’ ಮಾತ್ರ, ಹೆಸರಿಲ್ಲ. ಥನಡೆಲ್ಥುರ್ ಎಂಬ ಅವಳ ಹೆಸರನ್ನು ಉಳಿಸಿದವರು, ಬಾಯಿಂದ ಬಾಯಿಗೆ ಕಥೆಯನ್ನು ಹೇಳಿಕೊಂಡು ಬಂದ ಅವಳ ಜನ.

ಆದುದರಿಂದ ಲಿಖಿತವೊಂದನ್ನೇ ನಂಬಿದವನಿಗೆ ದಿನ, ತಿಂಗಳು, ತೊವಲಿನ ಎಣಿಕೆಗಳು ದೊರೆಯುವುವು, ಹೆಸರು ದೊರೆಯದು. ಶ್ರುತಪರಂಪರೆಯೊಂದನ್ನೇ ನಂಬಿದವನಿಗೆ ಹೆಸರು ದೊರೆಯುವುದು; ಇಸವಿ ದೊರೆಯದು. ೩೫೫ ವರ್ಷ ಬಾಳಿದ ಈ ಸಂಸ್ಥೆಯ ಚರಿತ್ರೆಯನ್ನು ಬರೆಯುವವರು ವಿನಿಪೆಗಿನ ಭಂಡಾರವನ್ನು ತೆರೆದಷ್ಟೇ ಶ್ರದ್ಧೆಯಿಂದ ಆ ನಾಡಿನ ಹಿರಿಯರ ಮಾತನ್ನೂ ಕೇಳಬೇಕಾಗಿದೆ.